ಜಲಜನಕ ತಯಾರಿಕೆಗೆ ಇನ್ನೂ ನಿಕ್ಕಲ್ ಏಕೆ? ಅದಕ್ಕಿಂತ ಚುರುಕಾದ ಲೋಹ ಹುಡುಕಬಹುದೇ?

ಮಂಡ್ಯದಲ್ಲಿ ಎಂ.ಎಸ್ಸಿ. ಓದುತ್ತಿರುವ ನೀವು, ನೈಸರ್ಗಿಕ ಅನಿಲದಿಂದ ಜಲಜನಕ ತೆಗೆಯುವ ಚುರುಕಾದ ಲೋಹವೊಂದನ್ನು ಹುಡುಕುವುದನ್ನೇ ಪ್ರಾಜೆಕ್ಟ್ ಮಾಡಿಕೊಳ್ಳಲೇ ಎಂದು ಕೇಳಿದ್ದೀರಿ. ಇಂಥ ಕ್ರಿಯಾವರ್ಧಕಗಳನ್ನು (ತಾವು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುಗಳನ್ನು) ಪರೀಕ್ಷಿಸುವ ಕೆಲಸದಲ್ಲಿದ್ದು, ಈಗ ಮೈಸೂರಿನಲ್ಲಿ ಪಾಠ ಮಾಡುತ್ತಿರುವ ನನ್ನ ಸಲಹೆ: ಚುರುಕಿನ ಬೆನ್ನು ಹತ್ತಬೇಡಿ, ಬಾಳಿಕೆಯ ಬೆನ್ನು ಹತ್ತಿ.

ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನ್ ಹಬೆಯೊಡನೆ ವರ್ತಿಸಿ ಜಲಜನಕ ಕೊಡುವಾಗ ಪ್ರತಿ ಮೋಲ್‌ಗೆ 206 ಕಿಲೋಜೂಲ್ ಶಾಖ ಬೇಕು. ಕಾರ್ಖಾನೆಯಲ್ಲಿ ಆ ಶಾಖ ಕೊಳವೆಯ ಗೋಡೆ ದಾಟಿ ಎಷ್ಟು ಬೇಗ ಒಳಗೆ ಬರುತ್ತದೋ ಅಷ್ಟೇ ಬೇಗ ಕೆಲಸ ಸಾಗುತ್ತದೆ. ಕೊಳವೆಯಲ್ಲಿ ನಿಕ್ಕಲ್ ಹೊತ್ತ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಬಿಲ್ಲೆಗಳನ್ನು ತುಂಬಿರುತ್ತಾರೆ; ಬಿಲ್ಲೆಯ ಒಳಗಿನ ನಿಕ್ಕಲ್‌ನಲ್ಲಿ ಹೆಚ್ಚಿನ ಪಾಲಿಗೆ ಕೆಲಸವೇ ಇರುವುದಿಲ್ಲ. ರೋಡಿಯಂ, ರುಥೇನಿಯಂ ನಿಕ್ಕಲ್‌ಗಿಂತ ಚುರುಕು, ನಿಜ. ಆದರೆ ಅವುಗಳ ಬೆಲೆಗೆ ಅಲ್ಲಿ ಲಾಭವಿಲ್ಲ.

ನಿಜವಾದ ಶತ್ರು, ಮೀಥೇನ್ ಒಡೆದು ನಿಕ್ಕಲ್ ಮೇಲೆ ಕೂರುವ ಇಂಗಾಲ. ಕೆಟ್ಟುಹೋದ ಬಿಲ್ಲೆಯ ಪುಡಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ: ತಿರುಚಿಕೊಂಡ ಇಂಗಾಲದ ಎಳೆಗಳು, ಅನೇಕ ಎಳೆಗಳ ತುದಿಯಲ್ಲಿ ಒಂದೊಂದು ನಿಕ್ಕಲ್ ಕಣ. ಎಳೆ ಬೆಳೆಯುತ್ತಾ ಕಣವನ್ನು ಅಲ್ಯೂಮಿನಾದಿಂದ ಕಿತ್ತು ಮೇಲೆತ್ತಿರುತ್ತದೆ. ಮೋಸ ಇರುವುದು ಇಲ್ಲಿಯೇ. ತುದಿಯ ನಿಕ್ಕಲ್ ಇನ್ನೂ ಕೆಲಸ ಮಾಡುತ್ತಿರುವುದರಿಂದ ಮೀಥೇನ್ ಪರಿವರ್ತನೆಯ ರೇಖೆ ನೆಟ್ಟಗೆ ಚೆನ್ನಾಗಿಯೇ ಕಾಣುತ್ತದೆ. ಅಷ್ಟರಲ್ಲಿ ಬಿಲ್ಲೆ ಒಡೆದು ಪುಡಿಯಾಗಿ ಕೊಳವೆ ಕಟ್ಟಿಕೊಳ್ಳುತ್ತಿರುತ್ತದೆ. ಪರಿವರ್ತನೆಯ ಶೇಕಡಾವಾರು ಒಂದನ್ನೇ ಹಿಡಿದು ಜಯಭೇರಿ ಬಾರಿಸುವ ಪ್ರಬಂಧಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇಂಗಾಲ ಮೊಳೆಯುವುದು ಮುಖ್ಯವಾಗಿ ನಿಕ್ಕಲ್ ಮೇಲ್ಮೈಯ ಮೆಟ್ಟಿಲಿನಂಥ ಅಂಚುಗಳಲ್ಲಿ. ಆ ಜಾಗಗಳನ್ನು ಮುಚ್ಚಿದರೆ ಚುರುಕು ತುಸು ತಗ್ಗುತ್ತದೆ, ಆಯಸ್ಸು ಹೆಚ್ಚುತ್ತದೆ. 1998ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ನಿಕ್ಕಲ್‌ಗೆ ಸ್ವಲ್ಪ ಚಿನ್ನ ಸೇರಿಸಿ, ಬ್ಯೂಟೇನ್ ಅನಿಲದ ಮೇಲೆ ಇದನ್ನು ತೋರಿಸಿದರು. ಚಿನ್ನ ನಿಕ್ಕಲ್‌ನ ಒಡಲೊಳಗೆ ಬೆರೆಯದೆ ಮೇಲ್ಮೈಯಲ್ಲೇ ಉಳಿಯುತ್ತದೆ, ಹಾಗಾಗಿ ಅಲ್ಪವೇ ಸಾಕು. ಪೊಟ್ಯಾಸಿಯಂ ಕೂಡ ಇಂಗಾಲವನ್ನು ತಡೆಯುತ್ತದೆ, ಅದೂ ಅಗ್ಗದಲ್ಲಿ. ಆದರೆ ಕಾವಿಗೆ ಮೆಲ್ಲಗೆ ಹಾರಿಹೋಗುತ್ತದೆ.

ನಿಮ್ಮ ಊರಿಗೆ ಒಪ್ಪುವ ವಿಷಯವೊಂದಿದೆ. ಮಂಡ್ಯದ ಸುತ್ತ ಸಕ್ಕರೆ ಕಾರ್ಖಾನೆಗಳಿವೆ. ಅಲ್ಲಿ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಮಡ್ಡಿಯೇ ಪ್ರೆಸ್‌ಮಡ್. ಪ್ರೆಸ್‌ಮಡ್‌ನಿಂದ ಬರುವ ಜೈವಿಕ ಅನಿಲದಲ್ಲಿ ಮೀಥೇನ್ ಜೊತೆಗೆ ಇಂಗಾಲದ ಡೈಆಕ್ಸೈಡ್ ಧಾರಾಳವಾಗಿದೆ, ಹೈಡ್ರೋಜನ್ ಸಲ್ಫೈಡ್ ಕೂಡ ಇದೆ. ಡೈಆಕ್ಸೈಡ್‌ನಿಂದ ಇಂಗಾಲದ ಕಾಟ ಹೆಚ್ಚು, ಸಲ್ಫೈಡ್ ನಿಕ್ಕಲ್‌ಗೆ ವಿಷ. ಸಲ್ಫೈಡ್‌ನಲ್ಲಿರುವ ಗಂಧಕವನ್ನು ಸತುವಿನ ಆಕ್ಸೈಡ್‌ನಿಂದ ಮೊದಲೇ ಹೀರಿಸಿಬಿಡಿ. ಆಮೇಲೆ ಬರಿಯ ಅಲ್ಯೂಮಿನಾ ಮೇಲಿನ ನಿಕ್ಕಲ್ ಒಂದು ಕಡೆ, ಮೆಗ್ನೀಷಿಯಂ ಆಕ್ಸೈಡ್‌ನೊಡನೆ ಘನದ್ರಾವಣವಾಗಿ (ಒಂದೇ ಹರಳಿನೊಳಗೆ ಒಂದಾಗಿ) ಬೆರೆತ ನಿಕ್ಕಲ್ ಇನ್ನೊಂದು ಕಡೆ ಇಟ್ಟು ಹೋಲಿಸಿ. ಸೀರಿಯಂ ಆಕ್ಸೈಡ್ ಸಿಕ್ಕರೆ ಅದನ್ನೂ ಸೇರಿಸಿ. ಅದರೊಳಗಿನ ಆಮ್ಲಜನಕ ಇಂಗಾಲವನ್ನು ಆಗಿಂದಾಗಲೇ ಸುಡುತ್ತದೆ.

ಪ್ರತಿ ಪರೀಕ್ಷೆಯ ನಂತರ ಬಳಸಿದ ಪುಡಿಯನ್ನು ತೂಗಿ, ಗಾಳಿಯಲ್ಲಿ ಸುಟ್ಟು, ಮತ್ತೆ ತೂಗಿ. ಸುಡುವಾಗ ನಿಕ್ಕಲ್ ಆಮ್ಲಜನಕ ಹಿಡಿದು ಭಾರವಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಇಲ್ಲದಿದ್ದರೆ ಇಂಗಾಲ ಇದ್ದುದಕ್ಕಿಂತ ಕಡಿಮೆ ಎಂದು ಬರುತ್ತದೆ.