ಹಿನ್ನೆಲೆ ಮಾತ್ರ ತೆಳುವಾಗಬೇಕು, ಅಂಕಿ ಅಲ್ಲ

ಪ್ರಶ್ನೆ: ಬ್ಯಾಡಗಿಯ ಮೆಣಸಿನಕಾಯಿ ಅಡತಿ ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ತೂಕ ತೋರಿಸುವ ಸಣ್ಣ ವಿಂಡೋ ಬಿಲ್ ಮೇಲೆ ನಿಲ್ಲಬೇಕು, ಹಿಂದಿನ ಬಿಲ್ಲೂ ಕಾಣಬೇಕು. ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಪ್ರೋಗ್ರಾಂನ ವಿಂಡೋ ಕಟ್ಟುವ ಮೈಕ್ರೋಸಾಫ್ಟ್ ಸಾಧನ) ಒಪಾಸಿಟಿ, ಅಂದರೆ ವಿಂಡೋ ಎಷ್ಟು ಗಟ್ಟಿ ಅನ್ನುವ ಸಂಖ್ಯೆ, 0.5 ಇಟ್ಟರೆ ತೂಕದ ಅಂಕಿಯೇ ಮಸುಕಾಗುತ್ತದೆ.

ಉತ್ತರ: ಹುಬ್ಬಳ್ಳಿಯಲ್ಲಿ ನನ್ನ ಹತ್ತಿರ ಕಲಿಯಲು ಬರುವ ಹುಡುಗರೂ ಇದನ್ನೇ ಕೇಳುತ್ತಾರೆ. ಒಪಾಸಿಟಿ ಇಡೀ ವಿಂಡೋಗೆ ಒಂದೇ ಸಂಖ್ಯೆ. ಅಕ್ಷರ, ಬಟನ್, ಹಿನ್ನೆಲೆ ಎಲ್ಲವೂ ಅದರ ಜೊತೆ ಮಸುಕಾಗಲೇಬೇಕು. 0.6, 0.7 ಅಂತ ಬದಲಿಸುತ್ತಾ ಸುಮ್ನೆ ದಿನ ಕಳೆಯಬೇಡಿ.

ವಿನ್‌ಫಾರ್ಮ್ಸ್‌ನದೇ ಟ್ರಾನ್ಸ್‌ಪರೆನ್ಸಿ ಕೀ ಹಾಕಿ ಅಂತ ಯಾರೋ ಹೇಳುತ್ತಾರೆ. ಅದರಲ್ಲಿ ನೀವು ಆರಿಸಿದ ಬಣ್ಣ ಪೂರ್ತಿ ಮಾಯವಾಗುತ್ತದೆ, ಅರೆಬರೆ ಅನ್ನುವುದೇ ಇಲ್ಲ. ನುಣುಪಾದ ಅಕ್ಷರದ ಅಂಚಿನಲ್ಲಿ ಆ ಬಣ್ಣದ ಗೆರೆ ಉಳಿಯುತ್ತದೆ. ಜೊತೆಗೆ ಖಾಲಿ ಜಾಗದಲ್ಲಿ ಕ್ಲಿಕ್ ಮಾಡಿದರೆ ಅದು ಹಿಂದಿನ ಬಿಲ್ಲಿಗೆ ಹೋಗಿ ಬೀಳಬಹುದು, ಸಂತೆ ದಿನದ ಗಡಿಬಿಡಿಯಲ್ಲಿ ಗುಮಾಸ್ತರಿಗೆ ಅದು ಗೊತ್ತೂ ಆಗುವುದಿಲ್ಲ.

ಈ ಒಂದು ವಿಂಡೋವನ್ನು ಡಬ್ಲ್ಯೂಪಿಎಫ್‌ನಲ್ಲಿ (ವಿಂಡೋ ಕಟ್ಟುವ ಮೈಕ್ರೋಸಾಫ್ಟ್‌ನ ಇನ್ನೊಂದು ಸಾಧನ) ಬರೆಯಿರಿ. ಸೆಟ್ಟಿಂಗ್ ಎರಡು: ವಿಂಡೋಸ್ಟೈಲ್ ನನ್ (None), ಅಲೋಸ್‌ಟ್ರಾನ್ಸ್‌ಪರೆನ್ಸಿ ಟ್ರೂ. ಎರಡನೆಯದು ಇದ್ದರೆ ಮೊದಲನೆಯದೂ ಇರಲೇಬೇಕು, ಇಲ್ಲದಿದ್ದರೆ ಎರರ್ ಬರುತ್ತದೆ. ಒಪಾಸಿಟಿ 1 ಇರಲಿ, ಮುಟ್ಟಬೇಡಿ. ಪಾರದರ್ಶಕತೆಯನ್ನು ಹಿನ್ನೆಲೆ ಬಣ್ಣದ ಆಲ್ಫಾದಲ್ಲಿ, ಅಂದರೆ ಆ ಬಣ್ಣ ಎಷ್ಟು ಗಟ್ಟಿ ಅನ್ನುವ ಸಂಖ್ಯೆಯಲ್ಲಿ, ಕೊಡಿ. ಆಲ್ಫಾ 255 ಅಂದರೆ ಪೂರ್ತಿ ಗಟ್ಟಿ, 128 ಅಂದರೆ ಸುಮಾರು ಅರ್ಧ. 0 ಮಾತ್ರ ಇಡಬೇಡಿ, ಅಲ್ಲೂ ಕ್ಲಿಕ್ ಹಿಂದಕ್ಕೆ ಹೋಗುತ್ತದೆ. ನಾನಾದರೆ 204ಕ್ಕಿಂತ ಕೆಳಗೆ ಇಳಿಸುವುದಿಲ್ಲ: ಕಪ್ಪು ಹಿನ್ನೆಲೆ, ದಪ್ಪ ಬಿಳಿ ಅಂಕಿ. ಹಿಂದಿನ ಬಿಲ್ಲಿನ ಗೆರೆ ತಾಗಿ 3 ಹೋಗಿ 8ರಂತೆ ಕಂಡರೆ ರೈತರ ದುಡ್ಡು ಹೆಚ್ಚುಕಡಿಮೆ ಆಗುತ್ತದೆ, ಅಲ್ವಾ? ಇಂಥ ವಿಂಡೋ ಸಣ್ಣದಾಗಿಯೇ ಇರಲಿ. ಇಡೀ ಪರದೆಗೆ ಹಾಕಿದರೆ ಅಂಗಡಿಯ ಹಳೆ ಕಂಪ್ಯೂಟರ್ ಏದುಸಿರು ಬಿಡುತ್ತದೆ.

ಪ್ರಶ್ನೆ: ಪೈಥಾನ್‌ನಲ್ಲಿ ವಿಂಡೋ ಕಟ್ಟುವ ಟಿಕಿಂಟರ್‌ನ ಆಲ್ಫಾ ಸಾಕಾ? (ಗದಗ)

ಉತ್ತರ: ಅದೂ ಇಡೀ ವಿಂಡೋಗೇ. ಮೇಲಿನ ಉತ್ತರ ಓದಿ.

ಪ್ರಶ್ನೆ: ಇದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಂತೆ, ಹೌದಾ? (ಧಾರವಾಡ)

ಉತ್ತರ: ಬೇಡ. ವಿಂಡೋ ಪಾರದರ್ಶಕ ಮಾಡುವ ಸೌಲಭ್ಯ ವಿಂಡೋಸ್ 2000ದಿಂದಲೇ ಇದೆ. ಕಾರ್ಡ್ ಮಾರಲು ಹೇಳುವ ಮಾತು ಅದು.

ಪ್ರಶ್ನೆ: ವಿಂಡೋ ಪಾರದರ್ಶಕ ಮಾಡುವ ಡಿಎಲ್‌ಎಲ್ (ಪ್ರೋಗ್ರಾಂಗೆ ಜೋಡಿಸುವ ಕೋಡ್ ಫೈಲ್) ಒಂದು ಪುಕ್ಕಟೆ ಸಿಕ್ಕಿದೆ, ಆಂಟಿವೈರಸ್ ಆಫ್ ಮಾಡಿ ಹಾಕಿ ಅನ್ನುತ್ತಾರೆ. (ಹುಬ್ಬಳ್ಳಿ)

ಉತ್ತರ: ಬೇಡವೇ ಬೇಡ. ಇವತ್ತೇ ಅಳಿಸಿ.