ಎತ್ತರದ ದನಿ ಅಂದರೆ ಒದರುವುದಲ್ಲ

ಪ್ರಶ್ನೆ: ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಈಚೆಗೆ ಮೊಬೈಲ್‌ನಲ್ಲಿ ಲಿರಿಕ್ ಸೊಪ್ರಾನೊ ಗಾಯಕಿಯರನ್ನು ಕೇಳಿ ಹಾಗೇ ಹಾಡಲು ನೋಡುತ್ತಾಳೆ. ನನಗೆ ಅದು ಒದರಿದಂತೆ ಕೇಳುತ್ತದೆ. ಅದರಲ್ಲಿ ಅಂಥದ್ದೇನಿದೆ? ಒಬ್ಬರೇ ಎಲ್ಲ ಬಗೆಯ ಹಾಡು ಹಾಡಬಲ್ಲರೇ?
– ಓದುಗರೊಬ್ಬರು, ಗದಗ

ಉತ್ತರ: ಅಕ್ಕಾ, ಮೊದಲು ಆ ಸಣ್ಣ ಸ್ಪೀಕರ್ ಬಿಡಿ, ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ. ಮೈಕ್ ಇಲ್ಲದೆ, ಇಡೀ ಆರ್ಕೆಸ್ಟ್ರಾ ದಾಟಿ ಕೊನೆಯ ಸಾಲಿಗೂ ಮುಟ್ಟಲು ತಯಾರಾದ ದನಿ ಅದು. ಮೊಬೈಲ್‌ನಲ್ಲಿ ಅದರ ತುಂಬುತನ ಹೋಗಿ ಬರೀ ಚೂಪು ಉಳಿಯುತ್ತದೆ.

ಸೊಪ್ರಾನೊ ಅಂದರೆ ಹೆಂಗಸರ ದನಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ಅದರಲ್ಲೂ ಬಗೆಗಳಿವೆ: ವೇಗದ ತಾನಿನಂಥ ಸ್ವರಗಳಿಗೆ ಕೊಲೊರಟುರಾ, ಭಾರದ ಪಾತ್ರಗಳಿಗೆ ಡ್ರಾಮಾಟಿಕ್. ಲಿರಿಕ್ ದನಿ ದುಂಡಗೆ, ಬೆಚ್ಚಗೆ ಇರುತ್ತದೆ. ಉದ್ದ ಸಾಲನ್ನು ಕಡಿಯದೆ ಹಾಡುತ್ತದೆ.

ನಮ್ಮಲ್ಲಿ ಷಡ್ಜ, ಅಂದರೆ ಆಧಾರ ಸ್ವರ 'ಸ' ಎಷ್ಟು ಎತ್ತರದಲ್ಲಿರಬೇಕು ಎಂಬುದು, ಗಾಯಕರ ಕೈಯಲ್ಲಿದೆ. ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾಯಿತು. ಆ ದನಿಯಲ್ಲೇ ಅವರು ದೊಡ್ಡವರಾದರು. ಆಪೆರಾದಲ್ಲಿ, ಅಂದರೆ ಪಾಶ್ಚಾತ್ಯರ ಸಂಗೀತ ನಾಟಕದಲ್ಲಿ, ಪಾತ್ರದ ಸ್ವರದೆತ್ತರ ಮೊದಲೇ ಬರೆದಿಟ್ಟಿರುತ್ತದೆ. ಹಾಗಾಗಿ ದನಿಗೆ ತಕ್ಕ ಪಾತ್ರ ಹುಡುಕಬೇಕು.

ನನಗೆ ತೀರಾ ಇಷ್ಟದವರು ಲಿರಿಕ್ ಸೊಪ್ರಾನೊ ವಿಕ್ಟೋರಿಯಾ ದೆ ಲೊಸ್ ಆಂಹೆಲೆಸ್. 1923ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದರು. ತಂದೆ ಅಲ್ಲಿನ ವಿಶ್ವವಿದ್ಯಾಲಯದ ಕಾವಲುಗಾರ. 1947ರಲ್ಲಿ ಜಿನೀವಾದ ಸಂಗೀತ ಸ್ಪರ್ಧೆ ಗೆದ್ದರು. ಪುಚ್ಚೀನಿಯ 'ಲಾ ಬೋಹೀಮ್' ಆಪೆರಾದಲ್ಲಿ ಅವರು ಮಿಮಿ, ಹೊಲಿಗೆ ಮಾಡಿ ಬದುಕುವ ಬಡ ಹುಡುಗಿ. 1956ರ ಆ ಧ್ವನಿಮುದ್ರಣದಲ್ಲಿ ಮಿಮಿ ತನ್ನ ಪರಿಚಯ ಹೇಳಿಕೊಳ್ಳುವಾಗ ಪಕ್ಕದ ಮನೆಯವರ ಜೊತೆ ಮಾತಾಡಿದಂತಿದೆ. ಧಾರವಾಡದ ಮಾಳಮಡ್ಡಿಯ ನಮ್ಮ ಮನೆಗೆ ಪಾಠಕ್ಕೆ ಬರುವ ಮಕ್ಕಳು ಭಾಷೆ ಬಾರದಿದ್ದರೂ ಅಲ್ಲಿ ಸುಮ್ಮನಾಗಿ ಕೇಳುತ್ತಾರೆ.

ಅದೇ ಗಾಯಕಿ 1961ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವ್ಯಾಗ್ನರ್‌ನ ಆಪೆರಾ ಹಾಡಿದರು. ಸಾಮಾನ್ಯವಾಗಿ ತಗ್ಗಿನ ದನಿಯವರು ಹಾಡುವ ಕಾರ್ಮೆನ್ ಪಾತ್ರವನ್ನೂ ಧ್ವನಿಮುದ್ರಿಸಿದರು. ಬ್ರೆಜಿಲ್‌ನ ಸಂಗೀತ ರಚನಕಾರ ವಿಲಾ-ಲೋಬೋಸ್ ತಾವೇ ನಡೆಸಿದ ಚೆಲ್ಲೊ ವಾದ್ಯಮೇಳದ ಜೊತೆಗೂ ಹಾಡಿದರು. ಕಛೇರಿಯ ಕೊನೆಗೆ ಗಿಟಾರ್ ತಾವೇ ನುಡಿಸುತ್ತ ಸ್ಪೇನಿನ ಹಾಡು! ನಮ್ಮ ಬಸವರಾಜ ರಾಜಗುರು ಖಯಾಲಿನ ನಂತರ ನಾಟ್ಯಗೀತೆಗೆ, ವಚನಕ್ಕೆ ಬಂದರೆ ಆಗುತ್ತಿದ್ದ ಖುಷಿಯೇ ಇಲ್ಲೂ ಆಗುತ್ತದೆ, ಅಲ್ವಾ? ಹಾಡು ಬದಲಾದರೂ ದನಿ ಅವರದ್ದೇ. ಆದರೆ ವ್ಯಾಗ್ನರ್‌ನ ಬ್ರುನ್‌ಹಿಲ್ಡೆಯಂಥ ಭಾರಿ ಪಾತ್ರದ ಹತ್ತಿರ ಅವರು ಹೋಗಲಿಲ್ಲ. ಹಾಗೆ ತಡೆದುಕೊಂಡದ್ದೇ ನನಗೆ ಜಾಸ್ತಿ ದೊಡ್ಡದೆನಿಸುತ್ತದೆ.

ಮಗಳು ಆ ಎತ್ತರವನ್ನು ಸದ್ಯ ಅನುಕರಿಸುವುದು ಬೇಡ. ಅದಕ್ಕೆ ವರ್ಷಗಟ್ಟಲೆ ಗುರುಗಳ ಎದುರಿನ ತಯಾರಿ ಬೇಕು. ತನ್ನ ಗುರುಗಳು ಗೊತ್ತುಮಾಡಿದ ಪಟ್ಟಿಯಲ್ಲೇ (ಶ್ರುತಿಯಲ್ಲೇ) ಹಾಡಲಿ. ಕೇಳುವುದನ್ನು ಮಾತ್ರ ತಪ್ಪಿಸಬೇಡಿ. ಮಿಮಿಯ ಹಾಡು ಕೇಳುತ್ತ, ಗಾಯಕಿ ಉಸಿರು ತಗೊಂಡ ಕಡೆ ಬೆರಳೆತ್ತಲಿ. ಮರುದಿನ ತನ್ನ ವಿಲಂಬಿತ ಖಯಾಲಿನಲ್ಲೂ ಹಾಗೇ ಗುರುತಿಸಲಿ. ಹಾಡಿನ ಪದದ ನಡುವೆ ಉಸಿರು ಕಡಿದಿದ್ದರೆ ಮುಂದಿನ ಪಾಠದಲ್ಲಿ ಗುರುಗಳನ್ನು ಕೇಳಲಿ.