ಹೀಟರ್ ಹಾಕದಿದ್ದರೂ ಪೈಪ್ ನೋಡಬೇಕು

ಪ್ರಶ್ನೆ: ಅಣ್ಣಾ, ಪುಣೆಯ ಮಾರ್ಕೆಟ್ ಯಾರ್ಡಿನಿಂದ ಬೆಳಗಾವಿಗೆ ಪಿಕಪ್ ಓಡಿಸುತ್ತೇನೆ. ಹೋಗುವಾಗ ಖಂಬಾಟ್ಕಿ ಘಾಟ್ ಹತ್ತಿದ ಮೇಲೆ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಮ್ಮಿಯಾಗಿರುತ್ತದೆ. ಹೀಟರ್ ಪೈಪಿನ ಕ್ಲಿಪ್ ಹತ್ತಿರ ಒದ್ದೆ ಕಾಣುತ್ತದೆ. ಹೀಟರ್ ನಾನು ಹಾಕುವುದೇ ಇಲ್ಲ. ಹಾಗೇ ಬಿಡಬಹುದಾ?
— ಓದುಗರು, ಹಡಪಸರ

ಉತ್ತರ: ಬಿಡಬೇಡಿ. ಹೀಟರ್ ಬಂದ್ ಇದ್ದರೂ ಬಹಳ ಗಾಡಿಗಳಲ್ಲಿ ಆ ಪೈಪಿನೊಳಗೆ ಬಿಸಿ ಕೂಲಂಟ್ ಓಡುತ್ತಲೇ ಇರುತ್ತದೆ. ಲೋಡ್ ಇದ್ದಾಗ ಪೈಪ್ ಒಡೆದರೆ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲ್) ಹೋಗಬಹುದು.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಪೈಪನ್ನು ತುದಿಗಳ ಹತ್ತಿರ ಒತ್ತಿ ನೋಡಿ. ರಬ್ಬರ್ ಒಳಗಿನಿಂದ ಬಿರಿಯುವುದು ಅಲ್ಲೇ ಜಾಸ್ತಿ. ಗಟ್ಟಿಯಾಗಿದ್ದರೆ, ಉಬ್ಬಿದ್ದರೆ, ಆಯಿಲ್ ತಾಗಿ ಮೆತ್ತಗಾಗಿದ್ದರೆ ಬದಲಿಸಿ. ಒಂದೇ ಯಾಕೆ, ಹೀಟರಿಗೆ ಹೋಗುವ, ಬರುವ ಎರಡೂ ಪೈಪ್ ಹಾಕಿಸಿ. ಇನ್ನೊಂದಕ್ಕೂ ಅಷ್ಟೇ ವಯಸ್ಸಾಗಿದೆ, ಅಲ್ವಾ?

ಹಳೆಯದನ್ನು ಎಳೆಯಲೇಬೇಡಿ. ಹೀಟರ್ ಕೋರಿನ (ಡ್ಯಾಶ್‌ಬೋರ್ಡ್ ಒಳಗಿರುವ ಸಣ್ಣ ರೇಡಿಯೇಟರಿನ) ನಳಿಗೆ ತೆಳ್ಳಗಿರುತ್ತದೆ, ತಿರುಚಿದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಬರುತ್ತದೆ. ಬ್ಲೇಡಿನಿಂದ ಪೈಪನ್ನು ಉದ್ದಕ್ಕೆ ಸೀಳಿ ಬಿಡಿಸಿ, ನಳಿಗೆಗೆ ಗೀರು ಬೀಳದಂತೆ. ಹಳೇ ಪೈಪಿನ ತುಂಡು ಅಂಗಡಿಗೆ ಒಯ್ದು ಅದೇ ಒಳ ಅಳತೆಯ, ಕೂಲಂಟಿಗೆಂದೇ ಮಾಡಿದ ಪೈಪ್ ಕೇಳಿ. ಪೆಟ್ರೋಲ್ ಪೈಪ್ ನಡೆಯುವುದಿಲ್ಲ. ಕ್ಲಿಪ್ಪೂ ಹೊಸದೇ ಇರಲಿ.

ಕೂಲಂಟ್ ತುಂಬಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಇಂಜಿನ್ ಓಡಿಸಿ ಗಾಳಿ ಹೊರಹಾಕಿ. ತಣ್ಣಗಾದ ಮೇಲೆ ಮಟ್ಟ ನೋಡಿ, ಕ್ಲಿಪ್ ಇನ್ನೊಮ್ಮೆ ಬಿಗಿ ಮಾಡಿ. ಚೆಲ್ಲಿದ ಕೂಲಂಟ್ ಒರೆಸಿಬಿಡಿ. ಅದು ಸಿಹಿ, ಬೀದಿನಾಯಿ ನೆಕ್ಕಿದರೆ ಸಾಯಬಹುದು.

ಕ್ಯಾಬಿನ್ನಿನ ಕಾಲ್ಮ್ಯಾಟ್ ಒದ್ದೆಯಾಗಿ ಸಿಹಿ ವಾಸನೆ ಬಂದರೆ ಮಾತ್ರ ಹೀಟರ್ ಕೋರನ್ನೇ ತೋರಿಸಿ.